ಮುಟ್ಟದ ಅರ್ಧ

ಕಡಲಿನ ತಳದಲ್ಲೂ ಹಿಮ ಬೀಳುತ್ತದೆ ಎಂದರೆ ಯಾರೂ ತಟ್ಟನೆ ನಂಬುವುದಿಲ್ಲ. ಬೀಳುತ್ತದೆ. ಬಿಸಿಲು ತಾಗುವ ಮೇಲಿನ ನೀರಿನಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಜೀವಿಗಳು ಸುಣ್ಣದ ಚಿಪ್ಪು ಕಟ್ಟಿಕೊಂಡು ಸಂಸಾರ ಹೂಡಿರುತ್ತವೆ. ಋಣ ತೀರಿದ ಮೇಲೆ ಆ ಚಿಪ್ಪುಗಳು ಬಿಳಿ ಹುಡಿಯಾಗಿ, ಕತ್ತಲೆಯಿಂದ ಇನ್ನೂ ದಟ್ಟ ಕತ್ತಲೆಗೆ, ಅವಸರವಿಲ್ಲದೆ ಇಳಿಯುತ್ತವೆ. ತಳದ ನೀರು ಒಳ್ಳೆಯದಿದ್ದರೆ ಕೆಸರಿನಲ್ಲಿ ಸೇರಿ ಉಳಿಯುತ್ತವೆ. ನೀರು ಹುಳಿಯಾಗಿದ್ದರೆ ಹೇಳಹೆಸರಿಲ್ಲದ ಹಾಗೆ ಕರಗಿಹೋಗುತ್ತವೆ.

ಇದನ್ನು ಸುಣ್ಣದಕ್ಕ ಒಂದು ಸಂಜೆ ಅಜ್ಜಿಗೆ ಹೇಳಿದಳು. ಅಜ್ಜಿ ಹಾಸಿಗೆಯ ಮೇಲೆ ಕಾಲು ನೀಡಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳುತ್ತಿದ್ದರು.

"ಉಳಿದ್ರೆ ಏನು, ಕರಗಿದ್ರೆ ಏನು? ಅದರಿಂದ ಯಾರಿಗೆ ಏನಾಗ್ಬೇಕು?"

"ಎಷ್ಟು ಉಳೀತು ಅಂತ ಗೊತ್ತಾದ್ರೆ ಆ ಕಾಲದಲ್ಲಿ ಚಳಿ ಎಷ್ಟಿತ್ತು, ಗಾಳಿ ಹೇಗಿತ್ತು ಅಂತ ಹೇಳಬಹುದು ಅಜ್ಜಿ."

"ಆ ಕಾಲ ಅಂದ್ರೆ? ನನ್ನ ಕಾಲಾನಾ?"

"ಇನ್ನೂ ಸ್ವಲ್ಪ ಹಿಂದೆ. ಒಂದು ಲಕ್ಷ ವರ್ಷ."

"ಹಾಗಾದ್ರೆ ನಮ್ಮತ್ತೆ ಕಾಲ" ಎಂದರು ಅಜ್ಜಿ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ಚಿಕ್ಕಮ್ಮ ಕಿಸಕ್ಕನೆ ನಕ್ಕಳು.

ಅಜ್ಜಿಯ ಕಥೆಗಳನ್ನೇ ಉಂಡು ಬೆಳೆದವಳು ಈಗ ಅಜ್ಜಿಗೆ ಕಥೆ ಹೇಳುತ್ತಿದ್ದಳು. ಸಣ್ಣವಳಿದ್ದಾಗ ಅಜ್ಜಿ ರಾಕ್ಷಸನನ್ನು ಬಾಗಿಲಲ್ಲೇ ನಿಲ್ಲಿಸಿ "ಉಳಿದಿದ್ದು ನಾಳೆ" ಎಂದುಬಿಟ್ಟರೆ ಇವಳಿಗೆ ನಿದ್ದೆ ಬರುತ್ತಿರಲಿಲ್ಲ. ರಾಕ್ಷಸನಿಗೆ ಹೆದರಿ ಅಲ್ಲ. ಅವನು ಒಳಗೆ ಬಂದನೋ, ಬಾರದೆ ಹೋದನೋ, ಅದು ಗೊತ್ತಾಗಬೇಕಿತ್ತು. ಆ ಚಟ ಹಾಗೇ ಉಳಿಯಿತು. ಓದು ಮುಗಿದ ಮೇಲೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅದಕ್ಕೊಂದು ಕೆಲಸವೂ ಸಿಕ್ಕಿತು: ಕಡಲ ಕೆಸರನ್ನು ಓದುವುದು.

ಹಡಗಿನಿಂದ ಭಾರವಾದ ಕಬ್ಬಿಣದ ಕೊಳವೆಯನ್ನು ತಳಕ್ಕೆ ಇಳಿಬಿಡುತ್ತಾರೆ. ಅದು ಕೆಸರಿನೊಳಗೆ ಹೂತು, ಒಂದು ಉದ್ದನೆಯ ಕೆಸರಿನ ಕೋಲನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಮೇಲೆ ಬರುತ್ತದೆ. ಅದಕ್ಕೆ ಎಲ್ಲರೂ ಕೋರ್ ಎನ್ನುತ್ತಾರೆ. ಮೇಲ್ತುದಿ ನಿನ್ನೆಯದು, ಕೆಳಗೆ ಹೋದಷ್ಟೂ ಹಳೆಯದು. ಕೋರನ್ನು ಉದ್ದಕ್ಕೆ ಸೀಳಿ ಎರಡು ಅರ್ಧ ಮಾಡುವುದು ವಾಡಿಕೆ. ಒಂದು ಅರ್ಧ ಕೆಲಸಕ್ಕೆ. ಅದನ್ನು ಚಮಚದಲ್ಲಿ ತೋಡಬಹುದು, ಕೊರೆಯಬಹುದು, ಬೇಕಾದಷ್ಟು ಸಲ ಬಿಚ್ಚಬಹುದು. ಇನ್ನೊಂದು ಅರ್ಧವನ್ನು ಗಾಳಿಯಾಡದಂತೆ ಸುತ್ತಿ, ತಣ್ಣನೆಯ ಉಗ್ರಾಣದಲ್ಲಿ ಮಲಗಿಸಿಬಿಡುತ್ತಾರೆ. ಯಾರೂ ಕೈ ಹಚ್ಚುವಂತಿಲ್ಲ. ಮುಟ್ಟುವ ಅರ್ಧ, ಮುಟ್ಟದ ಅರ್ಧ ಎಂದೇ ಅಲ್ಲಿಯ ಮಾತು.

ಮುಟ್ಟುವ ಅರ್ಧವೇ ಸುಣ್ಣದಕ್ಕನ ಪಾಲು. ಅವಳ ಕೋಣೆಯ ಕಿಟಕಿಯ ಕೆಳಗೆ ಕಲ್ಲಿನ ಮೇಜು, ಮೇಜಿನ ಮೇಲೆ ದಪ್ಪ ಗಾಜಿನ ಜಾಡಿ, ಜಾಡಿಯ ಮುಚ್ಚಳದಲ್ಲಿ ಒತ್ತಡ ತೋರಿಸುವ ಮೀಟರು. ಒಣಗಿಸಿ ಅರೆದ ಕೆಸರನ್ನು ತೂಗಿ ಜಾಡಿಗೆ ಹಾಕಿ, ಪುಟ್ಟ ಬಟ್ಟಲಲ್ಲಿ ಆಮ್ಲ ಇಟ್ಟು, ಮುಚ್ಚಳ ಬಿಗಿದು, ಜಾಡಿಯನ್ನು ಓರೆ ಮಾಡಬೇಕು. ಆಮ್ಲ ಚೆಲ್ಲಿ ಕೆಸರಿಗೆ ತಾಗಿದ ಕೂಡಲೇ ಬುಸ್ ಎಂದು ನೊರೆ ಏಳುತ್ತದೆ. ಸುಣ್ಣದೊಳಗೆ ಸೆರೆಯಿದ್ದ ಗಾಳಿ ಬಿಡುಗಡೆಯಾಗಿ ಮೀಟರಿನ ಮುಳ್ಳನ್ನು ಮೇಲಕ್ಕೆ ತಳ್ಳುತ್ತದೆ. ಮುಳ್ಳು ಏರಿದಷ್ಟು ಸುಣ್ಣ. ಮೂರು ವರ್ಷದಿಂದ ಈ ಬುಸ್‌ಬುಸ್ ನಡೆದೇ ಇತ್ತು. ಹೊಸದಾಗಿ ಬಂದ ವಿದ್ಯಾರ್ಥಿಗಳು ಅವಳನ್ನು ಸುಣ್ಣದಕ್ಕ ಎಂದು ಕರೆಯತೊಡಗಿ, ಆ ಹೆಸರು ಅವಳ ಕೆಲಸ ನೋಡಿಕೊಳ್ಳುವ ಮೇಷ್ಟ್ರ ಬಾಯಿಗೂ ಹತ್ತಿತ್ತು.

ಅವಳಿಗೆ ಹಿಡಿಸಿದ್ದು ಸುಣ್ಣದ ಮೊಂಡುತನ. ಅವಳ ಕೋರ್ ಬಂದ ಕಡಲಿನಲ್ಲಿ ಭೂಮಿ ತಣ್ಣಗಾದ ಕಾಲಕ್ಕೆಲ್ಲ ಸುಣ್ಣ ಇಳಿಯುತ್ತಿತ್ತು, ಬೆಚ್ಚಗಾದಾಗ ಏರುತ್ತಿತ್ತು. ಇನ್ನೊಂದು ದೊಡ್ಡ ಕಡಲಿನಲ್ಲಿ ಸರಿಯಾಗಿ ಉಲ್ಟಾ. ಭೂಮಿ ಒಂದೇ, ಚಳಿಯೂ ಒಂದೇ, ಕಡಲಿಗೊಂದು ಉತ್ತರ. ಒಂದೇ ಬೈಗುಳಕ್ಕೆ ಅಣ್ಣ ಅತ್ತರೆ ತಮ್ಮ ನಕ್ಕ ಹಾಗೆ. ತಳದ ನೀರು ಯಾವ ದಾರಿ ಹಿಡಿದು ಹರಿಯಿತು, ಹರಿಯುತ್ತ ಗಾಳಿಯ ಇಂಗಾಲವನ್ನು ಎಷ್ಟು ನುಂಗಿ ಸೋಡಾದ ಹಾಗೆ ಹುಳಿಯಾಯಿತು ಎನ್ನುವುದರ ಮೇಲೆ ಆ ಉತ್ತರ ನಿಂತಿತ್ತು.

ಹೀಗಿರುವಾಗ ಅವಳ ಕೋರಿನ ನಡುವೆ ಒಂದು ಗುಂಡಿ ಸಿಕ್ಕಿತು. ಭೂಮಿ ಬೆಚ್ಚಗಿದ್ದ ಕಾಲ ಅದು; ಸುಣ್ಣ ತುಂಬಿ ತುಳುಕಬೇಕಿತ್ತು. ಆದರೆ ಒಂದು ಗೇಣು ಕೆಸರಿನಲ್ಲಿ ಜಾಡಿ ಬುಸ್ ಎನ್ನಲೇ ಇಲ್ಲ. ಮುಳ್ಳು ಮಲಗಿದಲ್ಲಿಂದ ಏಳಲಿಲ್ಲ. ಗೆರೆ ಎಳೆದು ನೋಡಿದರೆ ಸಪಾಟು ಬಯಲಿನಲ್ಲಿ ಯಾರೋ ಬಾವಿ ತೋಡಿದ ಹಾಗೆ. ಬೆಚ್ಚಗಿನ ಕಾಲದಲ್ಲೂ ತಳದ ನೀರು ಒಮ್ಮೆಗೇ ಹುಳಿಯಾಗಬಲ್ಲದು ಎಂದಾದರೆ ಅದು ಸಣ್ಣ ಸುದ್ದಿಯಲ್ಲ. ಸುಣ್ಣ ಕದ್ದವರು ಯಾರು ಎಂದು ಅಜ್ಜಿ ದಿನವೂ ಕೇಳತೊಡಗಿದರು. ಮೇಷ್ಟ್ರಂತೂ ಕನ್ನಡಕ ಹಣೆಗೇರಿಸಿ ಆ ಗೆರೆಯನ್ನು ನೋಡಿದ್ದೇ ನೋಡಿದ್ದು.

ಗುಂಡಿಯ ಬೆನ್ನಿಗೆ ಹಡಗೂ ಬಂತು. ವರ್ಷದ ಕೊನೆಗೆ ಹೊರಡುವ ಸಂಶೋಧನೆಯ ಹಡಗಿನಲ್ಲಿ ಮೇಷ್ಟ್ರ ಪಾಲಿಗೆ ಒಂದೇ ಜಾಗ. ಅದು ಎಲ್ಲಿ ನಿಂತು ಹೊಸ ಕೋರ್ ತೆಗೆಯುತ್ತದೆಯೋ ಅಲ್ಲಿಯ ಕೆಲಸ ಮಾಡುವವರಿಗೆ ಆ ಜಾಗ. ಗುಂಡಿ ಸಿಕ್ಕ ಕಡೆಯೇ ಹಡಗು ನಿಲ್ಲಲಿ ಎಂದು ಮೇಷ್ಟ್ರು ಬರೆದು ಕಳಿಸಿದ್ದರು. ಹಡಗಿನ ದಾರಿ ಗೊತ್ತುಮಾಡುವ ಸಮಿತಿ ಮುಂದಿನ ವಾರ ಸೇರಿ ಹೂಂ ಎನ್ನುವುದೊಂದು ಬಾಕಿ. ಸಮಿತಿ ಒಪ್ಪದಿದ್ದರೆ ಹಡಗು ಉದ್ದಣ್ಣನ ಕೋರ್ ಇದ್ದ ಕಡೆ ಹೋಗುತ್ತಿತ್ತು, ಜಾಗವೂ ಅವನದೇ. ಉದ್ದಣ್ಣ ಎಂದರೆ ಪಕ್ಕದ ಮೇಜಿನವನು, ಬಾಗಿಲಿಗೆ ಬಗ್ಗಿಯೇ ಬರಬೇಕಾದವನು, ಅವಳ ಜೊತೆಗೇ ಕೆಲಸಕ್ಕೆ ಸೇರಿದವನು.

ಮೂರು ವರ್ಷ ಕಡಲ ತಳ ಓದಿದವಳು ಕಡಲನ್ನು ದಡದಿಂದಲ್ಲದೆ ನೋಡಿರಲಿಲ್ಲ. ಕೊಳವೆ ನೀರಿನಿಂದ ಮೇಲೆ ಬರುವಾಗ ಏನು ಸದ್ದಾಗುತ್ತದೆ, ಹೊಸ ಕೆಸರಿನ ವಾಸನೆ ಹೇಗಿರುತ್ತದೆ ಎಂದು ಹೋಗಿ ಬಂದವರನ್ನೆಲ್ಲ ಪೀಡಿಸಿ ಕೇಳಿದ್ದಳು. ಯಾರೂ ಸರಿಯಾಗಿ ಹೇಳಿರಲಿಲ್ಲ. "ಕೆಸರಿನ ವಾಸನೆ ಕೆಸರಿನ ಥರಾನೇ ಇರುತ್ತಮ್ಮ" ಎಂದಿದ್ದ ಒಬ್ಬ ಪುಣ್ಯಾತ್ಮ.

ಚಿಕ್ಕಮ್ಮ ಆಗಲೇ ಗಾಳಿ ತಡೆಯುವ ದಪ್ಪ ಬಟ್ಟೆ ತಂದು ಜಾಕೆಟ್ ಹೊಲಿಯಲು ಕೂತಿದ್ದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ ಚಿಕ್ಕಮ್ಮ" ಎಂದರೆ, "ಸುಮ್ನಿರೆ. ಆಮೇಲೆ ಅರ್ಜೆಂಟು ಅಂತ ನನ್ನ ತಲೆ ತಿಂತೀಯ" ಎಂದು ಇನ್ನೊಂದು ಜೇಬು ಹಚ್ಚಿದಳು.

ಸಮಿತಿಗೆ ಒಂದು ಚಿತ್ರ ಬೇಕೆಂದರು ಮೇಷ್ಟ್ರು. "ಗುಂಡಿಯೊಳಗಿನ ಚಿಪ್ಪುಗಳದ್ದು. ಹುಳಿ ನೀರು ಅರ್ಧ ತಿಂದು ಬಿಟ್ಟಿರುತ್ತಲ್ಲ, ತೂತು ಬಿದ್ದಿರೋವು, ಅಂಥವು. ಕಣ್ಣಿಗೆ ಕಂಡ್ರೆ ಅವರಿಗೂ ಬಾಯಿ ಕಟ್ಟುತ್ತೆ."

ಅವಳು ಗುಂಡಿಯ ನಡುವಿನಿಂದ ಒಂದು ಚಮಚ ಕೆಸರು ತೋಡಿ, ಸಣ್ಣ ಜರಡಿಯಲ್ಲಿ ನೀರು ಬಿಟ್ಟು ತೊಳೆದು, ಉಳಿದ ಚರಟವನ್ನು ಒಣಗಿಸಿ, ಕಪ್ಪು ತಟ್ಟೆಯಲ್ಲಿ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಚಿಪ್ಪುಗಳಿರಲಿಲ್ಲ. ತೂತು ಬಿದ್ದವೂ ಇಲ್ಲ, ಒಡೆದವೂ ಇಲ್ಲ. ಅವುಗಳ ಜಾಗದಲ್ಲಿ ಗಾಜಿನ ಸೂಜಿಗಳಿದ್ದವು. ಕೆಲವು ಒಂಟಿ, ಕೆಲವು ನಕ್ಷತ್ರದ ಹಾಗೆ ಗೊಂಚಲು ಗೊಂಚಲು, ದೀಪ ಅಲುಗಿಸಿದರೆ ಪಳಕ್ಕನೆ ಹೊಳೆಯುವಂಥವು. ಅವಳು ಬಾಯಿ ತೆರೆದು ನೋಡಿದಳು. ಏಳು ಸಮುದ್ರದಾಚೆಯ ಗಾಜಿನ ಅರಮನೆಗೆ ಕಿಟಕಿಯಿಂದ ಇಣುಕಿದ ಹಾಗಾಯಿತು. ಎಷ್ಟು ಹೊತ್ತು ಹಾಗೇ ಕೂತಿದ್ದಳೋ, ಉದ್ದಣ್ಣ ಬಂದು ಭುಜದ ಮೇಲಿಂದ ಬಗ್ಗಿದಾಗಲೇ ಎಚ್ಚರ.

"ಏನೇ ಇದು, ತಟ್ಟೆ ಮೇಲೆ ಸಕ್ಕರೆ ಚೆಲ್ಲಿಕೊಂಡಿದ್ದೀಯಾ?"

"ಸೂಜಿಗಳು. ಚೆನ್ನಾಗಿವೆ ಅಲ್ವಾ?"

ಅವನು ಕಣ್ಣಿಟ್ಟು ನೋಡಿದ. ನೋಡುತ್ತ ನೋಡುತ್ತ ಅವನ ತಮಾಷೆ ಇಳಿಯಿತು. "ಜಿಪ್ಸಮ್ ಇದು."

"ಗೊತ್ತು" ಎಂದಳು ಅವಳು. ಹಾಗೆಂದ ಮೇಲೆಯೇ ಗೊತ್ತಾದದ್ದರ ಅರ್ಥ ತಲೆಗಿಳಿಯಿತು. ತೆರೆದ ಕಡಲಿನ ತಳದಲ್ಲಿ ಜಿಪ್ಸಮ್ ಹುಟ್ಟುವುದಿಲ್ಲ. ಹುಟ್ಟಿದರೂ ಆ ನೀರು ಅದನ್ನು ಕರಗಿಸದೆ ಬಿಡುವುದಿಲ್ಲ. ಹಾಗಾದರೆ ಲಕ್ಷ ವರ್ಷ ಕಡಲ ತಳದಲ್ಲಿದ್ದ ಕೆಸರಿನೊಳಗೆ ಈ ಸೂಜಿಗಳು ಎಲ್ಲಿಂದ ಬಂದವು?

ಉತ್ತರ ಇಬ್ಬರಿಗೂ ತಿಳಿದೇ ಇತ್ತು. ಕೆಸರಿನ ಕಪ್ಪು ಪದರಗಳಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಕಣಗಳಿರುತ್ತವೆ; ಗುಂಡಿ ಬಿದ್ದ ಗೇಣೂ ಅಂಥದೇ ಕಪ್ಪು ಪದರ. ತಣ್ಣಗೆ, ಗಾಳಿ ತಾಗದ ಹಾಗೆ ಇಟ್ಟರೆ ಅವು ಪಾಪದವು. ಸೆಖೆಯಲ್ಲಿ ಗಾಳಿಗೆ ಬಿಟ್ಟರೆ ತುಕ್ಕು ಹಿಡಿದು ಆಮ್ಲ ಬಿಡುತ್ತವೆ. ಆ ಆಮ್ಲ ಮೊದಲು ತಿನ್ನುವುದೇ ಪಕ್ಕದ ಸುಣ್ಣದ ಚಿಪ್ಪನ್ನು. ತಿಂದು ತೇಗಿದ ಮೇಲೆ ಉಳಿಯುವುದು ಜಿಪ್ಸಮ್ಮಿನ ಸೂಜಿ. ಎಲ್ಲವೂ ಕೋಣೆಯೊಳಗೇ, ಮನುಷ್ಯರ ಕಣ್ಣೆದುರೇ ಆಗುವ ಕೆಲಸ.

"ನಿನ್ನ ಗುಂಡಿ ಕಡಲಿಗೆ ಬಿದ್ದಿದ್ದೋ, ಕಪಾಟಿಗೆ ಬಿದ್ದಿದ್ದೋ?" ಎಂದ ಉದ್ದಣ್ಣ ಮೆಲ್ಲಗೆ.

ಅವಳು ತಟ್ಟೆಗೆ ಮುಚ್ಚಳ ಹಾಕಿದಳು. ಅವನೇ ಮುಂದುವರಿಸಿದ.

"ನೋಡು, ನಾನು ಏನೂ ನೋಡಿಲ್ಲ. ಎರಡು ಸೂಜಿ ಕಡಲಿನ ಗುಂಡಿಯಲ್ಲೂ ಇರಬಹುದು. ಮುಂದಿನ ವಾರ ಸಮಿತಿ ಹೂಂ ಅನ್ನಲಿ, ಹಡಗು ಹತ್ತು, ಹೊಸ ಕೋರ್ ತಗೊಂಡು ಬಾ. ಆಗ ಹೇಗೂ ಗೊತ್ತಾಗುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಿನ್ನ ಜಾಗ ಹೋಗುತ್ತಲ್ಲೋ."

"ನನಗೆ ದೋಣಿ ಹತ್ತಿದ್ರೇ ವಾಂತಿ. ನಿನಗೆ ಗೊತ್ತಲ್ಲ." ಅದು ಪೂರ್ತಿ ನಿಜವಲ್ಲ ಎಂದು ಅವಳಿಗೆ ಗೊತ್ತಿತ್ತು, ಹಡಗಿನ ನಕ್ಷೆಯನ್ನು ಅವನು ತನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದ.

ಊಟದ ಹೊತ್ತಿಗೆ ಅವಳು ಅಂಗಳ ದಾಟಿ ಹಳೆಯ ಕಟ್ಟಡಕ್ಕೆ ಹೋದಳು. ಅಲ್ಲಿ ಉಗ್ರಾಣದಮ್ಮ ಇದ್ದರು. ಕೋರುಗಳನ್ನು ಕಾಯುವ ವಿಜ್ಞಾನಿ. ಬೇಸಿಗೆಯಲ್ಲೂ ಸ್ವೆಟರ್ ತೊಟ್ಟು, ತಣ್ಣನೆಯ ಕೋಣೆಯ ಬೀಗದ ಕೈಯನ್ನು ಅತ್ತೆಯಾದವಳು ಅಟ್ಟದ ಬೀಗ ಕಾದ ಹಾಗೆ ಕೊರಳಲ್ಲೇ ಹಾಕಿಕೊಂಡಿರುತ್ತಿದ್ದರು.

"ಅಮ್ಮಾ, ನನ್ನ ಕೋರ್ ಯಾವಾಗಲಾದ್ರೂ ಹೊರಗಿತ್ತಾ?"

ಉಗ್ರಾಣದಮ್ಮ ಅವಳ ಮುಖ ನೋಡಿದರು. "ಯಾಕೆ?"

"ಸುಮ್ನೆ."

"ಸುಮ್ನೆ ಕೇಳೋ ಮುಖ ಅಲ್ಲ ಇದು. ಕೂತ್ಕೋ." ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಬಗ್ಗಿಸಿ ಕೊಟ್ಟರು. "ನೀನು ಬರೋಕೆ ಮುಂಚೆ ಒಂದು ಬೇಸಿಗೆ ತಣ್ಣಗೆ ಮಾಡೋ ಮೆಷಿನ್ ಕೆಟ್ಟಿತ್ತು. ಮುಟ್ಟದ ಅರ್ಧಗಳನ್ನೆಲ್ಲ ಐಸ್‌ಕ್ರೀಮ್ ಕಾರ್ಖಾನೆಯವರ ಕೈಕಾಲು ಹಿಡಿದು ಅವರ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟೆ. ಮುಟ್ಟುವ ಅರ್ಧಗಳಿಗೆ ಅಲ್ಲಿ ಜಾಗ ಇರ್ಲಿಲ್ಲ. ವರಾಂಡದಲ್ಲೇ ಇದ್ದವು. ಯಾರೋ ಮೊದಲೇ ಬಿಚ್ಚಿ ನೋಡಿ, ಸರಿಯಾಗಿ ಸುತ್ತದೆ ಬಿಟ್ಟಿದ್ದೂ ಇದ್ದವು."

"ನಂದು?"

"ನಿಂದೂ ಇತ್ತು."

ಚಹಾ ಆರುತ್ತಿತ್ತು. ಉಗ್ರಾಣದಮ್ಮನೇ ಮುಂದುವರಿಸಿದರು. "ನಿನಗೆ ಮುಟ್ಟದ ಅರ್ಧ ಬೇಕು. ಅದನ್ನ ಕೇಳೋಕೆ ಬಂದಿದ್ದೀಯ, ಬಾಯಿ ಬರ್ತಿಲ್ಲ. ನಿಮ್ಮ ಮೇಷ್ಟ್ರು ಒಪ್ಪಿದ್ರೆ ಕೊಡ್ತೀನಿ. ಕದ್ದು ಕೊಡೋಕೆ ಇದು ಉಪ್ಪಿನಕಾಯಿ ಅಲ್ಲ. ಒಂದು ಸಲ ಬಿಚ್ಚಿದ್ರೆ ಅದೂ ಮುಟ್ಟಿದ ಅರ್ಧಾನೇ."

ಆ ಸಂಜೆ ಮನೆಯಲ್ಲಿ ಅವಳು ಅಜ್ಜಿಗೆ ಎಲ್ಲವನ್ನೂ ಕಥೆಯ ಹಾಗೆಯೇ ಹೇಳಿದಳು: ಗಾಜಿನ ಸೂಜಿ, ತುಕ್ಕಿನ ಆಮ್ಲ, ವರಾಂಡದ ಬೇಸಿಗೆ. ಅಜ್ಜಿಗೆ ಸಮಾಧಾನವಾಗಲಿಲ್ಲ.

"ಇದೇನೇ ಇದು. ಏಳು ಸಮುದ್ರ ಹುಡುಕಿ ಕಳ್ಳ ಎಲ್ಲಿ ಅಂದ್ರೆ ವರಾಂಡದಲ್ಲಿ ಅಂತೀಯ. ಸಪ್ಪೆ ಆಯ್ತು. ಕಡಲೇ ಕದ್ದಿತ್ತು ಅಂತ ಮಾಡು."

"ನಾನು ಮಾಡೋಕಾಗಲ್ಲ ಅಜ್ಜಿ. ಆಗಿದ್ದು ಆಗಿರುತ್ತೆ."

"ಕಥೆ ಹೇಳೋರಿಗೆ ಅಷ್ಟೂ ಸ್ವಾತಂತ್ರ್ಯ ಇಲ್ವಾ? ಎಂಥ ಕೆಲಸಾನೋ."

ಚಿಕ್ಕಮ್ಮ ಯಂತ್ರ ನಿಲ್ಲಿಸಿದಳು. "ಆ ಇನ್ನರ್ಧ ನೋಡದೆ ಇದ್ರೆ ಏನಾಗುತ್ತೆ? ಯಾರಾದ್ರೂ ಬೈತಾರಾ?"

"ಯಾರೂ ಬೈಯಲ್ಲ. ನನಗೆ ಮೊದಲೇ ಅನುಮಾನ ಇತ್ತು ಅಂತ ಯಾರಿಗೂ ಗೊತ್ತೂ ಆಗಲ್ಲ. ಹಡಗು ಹೋಗುತ್ತೆ, ನಾನೂ ಹೋಗ್ತೀನಿ."

"ಮತ್ತೆ?"

ಸುಳ್ಳು ಹೇಳಿದ ಹಾಗಾಗುತ್ತದೆ ಎನ್ನಬಹುದಿತ್ತು. ಹಡಗೊಂದನ್ನು ಅಷ್ಟು ದೂರ ಸುಮ್ಮನೆ ಓಡಿಸಿದ ಪಾಪ ಎನ್ನಬಹುದಿತ್ತು. ಅವೂ ನಿಜವೇ. ಆದರೆ ಅವಳ ಎದೆಯಲ್ಲಿ ಕೊರೆಯುತ್ತಿದ್ದುದು ಬೇರೆ. ಅಂಗಳದಾಚೆ, ಪ್ಲಾಸ್ಟಿಕ್ಕಿನೊಳಗೆ, ಅದೇ ಗೇಣು ಕೆಸರಿನ ಇನ್ನರ್ಧ ಮಲಗಿತ್ತು. ಅದರಲ್ಲಿ ಚಿಪ್ಪು ಇದ್ದವೋ, ಇರಲಿಲ್ಲವೋ. ಒಂದು ಬಾಗಿಲು, ಒಂದು ಬೀಗ, ಅಷ್ಟೇ.

"ನಂಗೆ ಗೊತ್ತಾಗ್ಬೇಕು ಚಿಕ್ಕಮ್ಮ" ಎಂದಳು.

ಚಿಕ್ಕಮ್ಮ ದಾರ ಕಚ್ಚಿ ತುಂಡರಿಸಿದಳು.

ಮರುದಿನ ಮೇಷ್ಟ್ರು ಸೂಕ್ಷ್ಮದರ್ಶಕಕ್ಕೆ ಬಗ್ಗಿ ಸೂಜಿಗಳನ್ನು ನೋಡಿದರು. ಅವರ ಬೋಳುತಲೆಯ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು.

"ನಾನೇ ಕೇಳಬೇಕಿತ್ತು ಇದನ್ನ. ಮುಳ್ಳು ನೋಡ್ತಾ ಕೂತ್ವಿ, ಕಣ್ಣಲ್ಲಿ ಚಿಪ್ಪು ನೋಡ್ಲಿಲ್ಲ." ಕನ್ನಡಕ ಒರೆಸಿಕೊಂಡರು. "ಸಮಿತಿ ಮುಗೀಲಿ, ಆಮೇಲೆ ಬಿಚ್ಚೋಣ ಅಂದ್ರೆ ಆಗಲ್ವಾ?"

"ಆಗುತ್ತೆ ಸರ್. ಬಿಚ್ಚದೆ ಇದ್ರೆ ಹಡಗೂ ಸಿಗುತ್ತೆ. ಆದರೆ ಅಲ್ಲೀವರೆಗೆ ನನಗೆ ತಡೆಯೋಕಾಗಲ್ಲ."

"ಗುಂಡಿ ಇಲ್ಲ ಅಂತಾದ್ರೆ ನಿನ್ನನ್ನ ಕಳಿಸೋಕೆ ನನ್ನ ಹತ್ರ ಕಾರಣ ಉಳಿಯಲ್ಲ. ಅದು ಗೊತ್ತಿದ್ದೇ ಕೇಳ್ತಿದ್ದೀಯ ತಾನೇ?"

"ಹೂಂ ಸರ್."

"ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರೆ ಜನ."

"ಇಲಿ ಇದ್ದಿದ್ದು ನಿಜ ಆದ್ರೆ ಇಲೀನೇ ಹಿಡಿಯೋಣ ಸರ್."

ಮೇಷ್ಟ್ರಿಗೆ ನಗು ಬಂತೋ, ಸಂಕಟವಾಯಿತೋ, ಎರಡೂ ಮುಖದಲ್ಲಿ ಒಟ್ಟಿಗೇ ಕಂಡವು. ಒಪ್ಪಿಗೆ ಬರೆದು ಕೊಟ್ಟರು.

ಉಗ್ರಾಣದಮ್ಮ ತಣ್ಣನೆಯ ಕೋಣೆಯ ಬಾಗಿಲು ತೆಗೆದರು. ಉದ್ದನೆಯ ಕಪಾಟುಗಳಲ್ಲಿ ಕೋರುಗಳು ಸಾಲುಸಾಲಾಗಿ ಮಲಗಿದ್ದವು. ಉಸಿರು ಬಿಟ್ಟರೆ ಹೊಗೆ. ಉದ್ದಣ್ಣನೂ ಬಂದಿದ್ದ, ಯಾರೂ ಕರೆಯದಿದ್ದರೂ. ಎಲ್ಲರೂ ಸೇರಿ ಅವಳ ಕೋರಿನ ಮುಟ್ಟದ ಅರ್ಧವನ್ನು ಮೇಜಿಗೆ ಎತ್ತಿಟ್ಟರು. ಉಗ್ರಾಣದಮ್ಮ ಸುತ್ತಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ, ಗಾಯದ ಪಟ್ಟಿ ಬಿಚ್ಚಿದ ಹಾಗೆ ಬಿಚ್ಚಿದರು.

ಒಳಗೆ ಕೆಸರು ಇನ್ನೂ ಒದ್ದೆಯಾಗಿತ್ತು. ಅವಳಿಗೆ ಅದೇ ಮೊದಲ ಆಶ್ಚರ್ಯ. ತನ್ನ ಅರ್ಧ ಒಣಗಿ ಬಿರುಕು ಬಿಟ್ಟಿದ್ದರಿಂದ ಕೆಸರು ಎಂದರೆ ಹಾಗೇ ಎಂದುಕೊಂಡಿದ್ದಳು. ಇದು ಬೆಣ್ಣೆಯಂತೆ ನುಣ್ಣಗಿತ್ತು. ಮೂಗು ಹತ್ತಿರ ಒಯ್ದಾಗ ತಣ್ಣನೆಯ, ತುಸು ಉಪ್ಪಿನ, ತುಸು ಕೊಳೆತ ಮೊಟ್ಟೆಯಂಥ ವಾಸನೆ.

"ಮೂಗು ತೆಗಿ" ಎಂದರು ಉಗ್ರಾಣದಮ್ಮ. "ಬಿಸಿ ಉಸಿರು ಬಿಡಬೇಡ ಅದರ ಮೇಲೆ."

ಗುಂಡಿ ಇರಬೇಕಾದ ಕಡೆ ಮೇಲಿನಿಂದ ಕೆಳಕ್ಕೆ ಕೆಲವು ಚಿಟಿಕೆ ಕೆಸರನ್ನು ಪುಟ್ಟ ಕೊಳವೆಯಲ್ಲಿ ತೆಗೆದುಕೊಂಡು, ಉಳಿದದ್ದನ್ನು ಆ ಗಳಿಗೆಯಲ್ಲೇ ಮತ್ತೆ ಸುತ್ತಿಟ್ಟರು. ಒಣಗಿಸಿ ಅರೆಯುವಷ್ಟರಲ್ಲಿ ಒಂದು ದಿನ ಹೋಯಿತು. ಮರುದಿನ ಜಾಡಿಯ ಸುತ್ತ ಎಲ್ಲರೂ ನಿಂತರು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡಿದ್ದರು.

ಅವಳು ಜಾಡಿ ಓರೆ ಮಾಡಿದಳು.

ಬುಸ್ ಎಂದಿತು. ಗಂಟಲು ತುಂಬ ನೊರೆ ಎದ್ದು ಮುಳ್ಳು ಮೇಲಕ್ಕೆ ಹೊರಟಿತು. ಸುತ್ತಲಿನ ಕೆಸರಿನಲ್ಲಿ ಎಷ್ಟಕ್ಕೆ ನಿಲ್ಲುತ್ತಿತ್ತೋ ಅಷ್ಟಕ್ಕೇ ಬಂದು ನಿಂತಿತು. ಎರಡನೆಯ ಚಿಟಿಕೆಗೂ ಹಾಗೆಯೇ. ಮೂರನೆಯದಕ್ಕೂ. ಗುಂಡಿ ಇರಲಿಲ್ಲ. ಯಾವತ್ತೂ ಇದ್ದಿರಲಿಲ್ಲ. ಲಕ್ಷ ವರ್ಷ ಏನೂ ಆಗದೆ ಇದ್ದ ಸುಣ್ಣವನ್ನು ಒಂದು ಬೇಸಿಗೆಯ ವರಾಂಡ ತಿಂದು ಮುಗಿಸಿತ್ತು.

ಮುಳ್ಳು ಏರುವುದನ್ನು ನೋಡಿ ಮೂರು ವರ್ಷ ಖುಷಿಪಟ್ಟವಳಿಗೆ ಅದು ಇಷ್ಟು ಕಹಿಯಾಗಿ ಏರಬಹುದೆಂದು ಗೊತ್ತಿರಲಿಲ್ಲ. ಜಾಡಿ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು. ಉದ್ದಣ್ಣ ಟವೆಲ್ ಹಿಡಿದು ಪಕ್ಕದಲ್ಲಿ ನಿಂತ. "ಜಾಡಿ ಬೆಳ್ಳಗಾಯ್ತು, ಸಾಕು ಬಿಡು" ಎಂದ.

ಮೇಷ್ಟ್ರು ಸಮಿತಿಗೆ ನಿಜ ಬರೆದರು. ಹಡಗು ಉದ್ದಣ್ಣನ ಕೋರ್ ಇದ್ದ ಕಡೆ ನಿಲ್ಲುವುದೆಂದಾಯಿತು. ಜಾಗವೂ ಅವನಿಗೆ ಹೋಯಿತು. ಅವನು ಎರಡು ದಿನ ಅವಳ ಕಣ್ಣು ತಪ್ಪಿಸಿ ಓಡಾಡಿದ. ಮೂರನೆಯ ದಿನ ಅವಳೇ ಹೋಗಿ, "ವಾಂತಿ ಮಾತ್ರೆ ತಗೊಂಡ್ಯಾ?" ಎಂದು ಕೇಳಿದ ಮೇಲೆ ಸರಿಹೋದ. ಜಾಕೆಟ್ ಅವನಿಗೇ ಕೊಡೋಣವೆಂದಳು ಚಿಕ್ಕಮ್ಮ. ತೋಳು ಮೊಣಕೈ ಹತ್ತಿರವೇ ಮುಗಿದುಹೋಗಿ, ಬೇರೆ ಬಣ್ಣದ ಬಟ್ಟೆ ಸೇರಿಸಿ ಉದ್ದ ಮಾಡಬೇಕಾಯಿತು. "ನಿಮ್ಮಪ್ಪ ಅಮ್ಮ ನಿನ್ನನ್ನ ಬೆಳೆಸಿದ್ದೋ, ಎಳೆದಿದ್ದೋ" ಎಂದರು ಅಜ್ಜಿ ಅವನಿಗೆ.

ಆದರೆ ಆ ದಿನ, ಮುಳ್ಳು ಏರಿದ ದಿನವೇ, ಎಲ್ಲರೂ ಹೋದ ಮೇಲೆ ಸುಣ್ಣದಕ್ಕ ಇನ್ನೊಂದು ಕೆಲಸ ಮಾಡಿದ್ದಳು. ಮುಟ್ಟದ ಅರ್ಧದಿಂದ ಬಂದ ಕೆಸರಿನಲ್ಲಿ ಅರೆಯದೆ ಬಿಟ್ಟ ಒಂದಿಷ್ಟನ್ನು ಜರಡಿಯಲ್ಲಿ ತೊಳೆದು, ಕಪ್ಪು ತಟ್ಟೆಯಲ್ಲಿ ಹರಡಿದ್ದಳು. ತನ್ನ ಗುಂಡಿಯೊಳಗೆ ಇದ್ದವರು ಯಾರು ಎಂದು ಮುಖವಾದರೂ ನೋಡಬೇಕಿತ್ತು.

ಚಿಪ್ಪುಗಳಿದ್ದವು. ಒಂದಕ್ಕೂ ತೂತಿಲ್ಲ, ಒಡಕಿಲ್ಲ. ದುಂಡನೆಯವು, ಗುಳ್ಳೆಯಂಥವು, ಸಣ್ಣ ಶಂಖದ ಹಾಗೆ ಸುರುಳಿ ಸುತ್ತಿದವು. ಕುಂಚದ ತುದಿ ಒದ್ದೆ ಮಾಡಿ ಅವಳು ಒಂದೊಂದನ್ನೇ ಎತ್ತಿ ಸಾಲಾಗಿ ಇಡುತ್ತ ಹೋದಳು. ಸುರುಳಿಯವುಗಳ ಸಾಲು ಅರ್ಧಕ್ಕೆ ಬಂದಾಗ ಕೈ ನಿಂತಿತು.

ಎಲ್ಲವೂ ಎಡಮುರಿ.

ಆ ಜಾತಿಯ ಚಿಪ್ಪು ಬೆಚ್ಚಗಿನ ನೀರಿನಲ್ಲಿ ಬಲಕ್ಕೆ ಸುತ್ತುತ್ತದೆ, ತಣ್ಣನೆಯ ನೀರಿನಲ್ಲಿ ಎಡಕ್ಕೆ. ಈ ಕಾಲ ಬೆಚ್ಚಗಿನದು. ಮೇಲಿನ, ಕೆಳಗಿನ ಚಿಟಿಕೆಗಳನ್ನೂ ತೊಳೆದು ನೋಡಿದಳು: ಮೇಲಿನದು ಬಲಮುರಿ, ಕೆಳಗಿನದೂ ಬಲಮುರಿ. ನಡುವೆ ಈ ಒಂದು ಚಿಟಿಕೆಯಲ್ಲಿ ಮಾತ್ರ ಎಲ್ಲರೂ ಮಾತಾಡಿಕೊಂಡ ಹಾಗೆ ಎಡಕ್ಕೆ ತಿರುಗಿದ್ದರು. ಮೇಲಿನ ನೀರು ಸ್ವಲ್ಪ ಕಾಲ ತಣ್ಣಗಾಗಿತ್ತೇ? ಆಗಿದ್ದರೆ ತಳದ ನೀರಿಗೆ ಅದರ ಸುದ್ದಿಯೇ ಹೋಗಲಿಲ್ಲವೇಕೆ? ಸುಣ್ಣ ಒಂದಿಷ್ಟೂ ಕದಲಿಲ್ಲವೇಕೆ? ಮನೆಯ ಮಾಳಿಗೆಯಲ್ಲಿ ಜಗಳ, ಕೆಳಗಿನ ಕೋಣೆಯವರಿಗೆ ಗಾಢ ನಿದ್ದೆ. ಈ ಸುರುಳಿಗಳೆಲ್ಲ ಅವಳ ಅರ್ಧದಲ್ಲಿ ಕರಗಿ ಹೋಗಿದ್ದವು. ಮುಟ್ಟದ ಅರ್ಧ ಬಿಚ್ಚದಿದ್ದರೆ ಇವನ್ನು ಯಾರೂ ನೋಡುತ್ತಿರಲಿಲ್ಲ.

ಮೇಷ್ಟ್ರಿಗೆ ತೋರಿಸಿದಳು. ಅವರು ಕಣ್ಣಿಟ್ಟವರು "ಅರೆ" ಎಂದರು. ತುಸು ಹೊತ್ತಿನ ಮೇಲೆ ಇನ್ನೊಮ್ಮೆ "ಅರೆ" ಎಂದರು. ಆಮೇಲೆ ತಲೆಯಾಡಿಸಿದರು.

"ಒಂದು ಚಿಟಿಕೆ ನಂಬ್ಕೊಂಡು ಒಂದು ಸಲ ಬಿದ್ದಿದ್ದೀವಿ. ಹಡಗು ಕಾಯಲ್ಲ. ನೀನು ಎಣಿಸು. ಮೇಲೆ, ಕೆಳಗೆ, ಪಕ್ಕದ ಕೋರ್, ಎಲ್ಲದರಲ್ಲೂ. ಈ ಸಲ ಮೊದಲು ಕಣ್ಣು, ಆಮೇಲೆ ಮುಳ್ಳು."

ಹಡಗು ಹೊರಡುವ ದಿನ ಬೆಳಿಗ್ಗೆ ಉದ್ದಣ್ಣ ಚೀಲ ಎಳೆದುಕೊಂಡು ಅವಳ ಕೋಣೆಗೆ ಬಂದ. ಎರಡು ಬಣ್ಣದ ತೋಳಿನ ಜಾಕೆಟ್ ಈಗಲೇ ತೊಟ್ಟುಕೊಂಡು ಬೆವರುತ್ತಿದ್ದ. ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಹೊರಟೆ ಕಣೇ. ಏನು ತರ್ಲಿ?"

"ಕೋರ್ ಮೇಲೆ ಬಂತು ಅಂದ ತಕ್ಷಣ ಸುತ್ತು. ನೋಡ್ತಾ ನಿಲ್ಬೇಡ."

"ನೋಡೋಕೆ ತಾನೇ ಹೋಗ್ತಿರೋದು."

"ಸುತ್ತಿ ಆಮೇಲೆ ನೋಡು. ಎರಡು ಸುತ್ತು. ತುದೀಲಿ ಟೇಪ್."

"ಆಯ್ತಮ್ಮ, ಮರಿ ಉಗ್ರಾಣದಮ್ಮ." ಅವನು ಹೋಗದೆ ನಿಂತ. "ಬೇಜಾರಾ?"

"ಹೂಂ" ಎಂದಳು ಅವಳು, ಮುಚ್ಚಿಡದೆ. "ಕೊಳವೆ ನೀರಿಂದ ಮೇಲೆ ಬರುವಾಗ ಏನು ಸದ್ದು ಆಗುತ್ತೆ ಅಂತ ಸರಿಯಾಗಿ ಕೇಳಿಸ್ಕೊಂಡು ಬಾ. ಬರೀ ಸದ್ದು ಆಯ್ತು ಅಂದ್ರೆ ಆಗಲ್ಲ. ಹೇಗೆ ಅಂತ ಹೇಳ್ಬೇಕು."

"ಹೇಳ್ತೀನಿ. ಎಷ್ಟು ಎಡಮುರಿ ಆಯ್ತು?"

"ಈಗ ಪಕ್ಕದ ಕೋರಿನದ್ದು ಶುರು ಮಾಡಿದ್ದೀನಿ. ಮೇಜು ಅಲುಗಿಸ್ಬೇಡ."

ಅವನು ಬಾಗಿಲಿಗೆ ಬಗ್ಗಿ ಹೊರಗೆ ಹೋದ. ಚೀಲದ ಚಕ್ರಗಳು ವರಾಂಡದುದ್ದಕ್ಕೂ ಉರು ಉರು ಎಂದು ಉರುಳಿ, ಮೆಟ್ಟಿಲ ಹತ್ತಿರ ತಡೆದು, ಕೇಳದಾದವು. ತಟ್ಟೆಯಲ್ಲಿ ಪಕ್ಕದ ಕೋರಿನ ಮೊದಲ ಸುರುಳಿ ಚಿಪ್ಪು ಬೋರಲು ಬಿದ್ದಿತ್ತು. ಆ ಬದಿಯಿಂದ ಅದು ಎತ್ತ ಸುತ್ತಿದೆ ಎಂದು ಹೇಳಲಾಗದು. ಸುಣ್ಣದಕ್ಕ ಕುಂಚದ ತುದಿಯನ್ನು ನೀರಿಗೆ ತಾಗಿಸಿ, ಉಸಿರು ಹಿಡಿದು, ಅದನ್ನು ಮೆಲ್ಲಗೆ ಮಗುಚತೊಡಗಿದಳು.